ಪುಟಾಣಿ ರೈಲು ನೋಡೋಣ

ನಾನು ಸುಳ್ಳು ಹೇಳುವ ಮನುಷ್ಯನಲ್ಲ ಎಂದು ನಮ್ಮೂರಲ್ಲಿ ನನಗೆ ಒಳ್ಳೆಯ ಹೆಸರಿದೆ. ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ ಕಂಪನಿಯೊಂದರ ಬುಕಿಂಗ್ ಏಜೆಂಟನಾಗಿ ಅರ್ಧ ಆಯುಷ್ಯ ಕೂತವನಿಗೆ ಇಂಥ ಹೆಸರು ಬರುವುದು ಸುಲಭದ ಮಾತಲ್ಲ. ಬಸ್ಸು ಇನ್ನೂ ಚನ್ನಗಿರಿಯಲ್ಲೇ ಚಕ್ರ ಬಿಚ್ಚಿಕೊಂಡು ಕೂತಿರುವಾಗ, ‘ಬಂತು ಬಂತು, ಸೇತುವೆ ಮ್ಯಾಲೈತೆ’ ಎನ್ನುವುದು ನಮ್ಮ ಕಸುಬಿನ ವಾಡಿಕೆ. ನಾನು ಹಾಗೆ ಹೇಳುತ್ತಿರಲಿಲ್ಲ. ‘ಬಸ್ಸು ಕೆಟ್ಟೈತ್ರಿ, ಮನೀಗೆ ಹೋಗಿ ಉಂಡು ಬರ್ರಿ’ ಎನ್ನುತ್ತಿದ್ದೆ. ಜನ ಬೈದುಕೊಂಡೇ ಹೋಗುತ್ತಿದ್ದರು, ಆದರೆ ನಂಬುತ್ತಿದ್ದರು.

ಅಂಥ ನಾನು ಮನೆಯಲ್ಲಿ ಒಂದು ಸುಳ್ಳನ್ನು ಆರು ವರ್ಷ ಹೇಳಿದೆ. ಒಂದೇ ಪದದ ಸುಳ್ಳು. ಪುಸ್ತಕದ ಕನ್ನಡದಲ್ಲಿ ‘ನೋಡೋಣ’, ನಮ್ಮ ಬಾಯಲ್ಲಿ ‘ನೋಡಾಣ’.

ಈ ಪದದ ವಿಚಾರವಾಗಿ ನಾನು ಬಹಳ ತಲೆ ಕೆಡಿಸಿಕೊಂಡಿದ್ದೇನೆ. ಮಧ್ಯಾಹ್ನದ ಹೊತ್ತು ಕೌಂಟರಿನಲ್ಲಿ ಗಿರಾಕಿ ಕಡಿಮೆ, ತಲೆ ಕೆಡಿಸಿಕೊಳ್ಳಲು ಪುರಸೊತ್ತು ಜಾಸ್ತಿ. ನೀವೇ ಯೋಚಿಸಿ. ‘ಊಟ ಮಾಡೋಣ’ ಎಂದರೆ ಒಳಗಿನಿಂದ ತಟ್ಟೆ ಬರುತ್ತದೆ. ‘ಹೊರಡೋಣ’ ಎಂದರೆ ಎಲ್ಲರೂ ಚಪ್ಪಲಿ ಹುಡುಕುತ್ತಾರೆ. ‘ಮಲಗೋಣ’ ಎಂದರೆ ಹಾಸಿಗೆ ಬಿಚ್ಚುತ್ತಾರೆ. ‘ನೋಡೋಣ’ ಎಂದರೆ ಮಾತ್ರ ಯಾರೂ ಏನನ್ನೂ ನೋಡುವುದಿಲ್ಲ. ಹೈಸ್ಕೂಲಿನಲ್ಲಿ ನಮಗೆ ವ್ಯಾಕರಣ ಹೇಳಿದ ಮೇಷ್ಟ್ರು ಇವೆಲ್ಲ ಒಂದೇ ಜಾತಿಯ ಕ್ರಿಯಾಪದಗಳು, ಮಾತಾಡುವವನು ಕೇಳುವವನನ್ನೂ ಜೊತೆಗೆ ಕರೆದುಕೊಂಡು ಒಂದು ಕೆಲಸಕ್ಕೆ ಹೊರಡುವ ರೂಪ ಇದು ಎಂದು ಬೋರ್ಡಿನ ಮೇಲೆ ಬರೆದು ವಿವರಿಸಿದ್ದರು. ಮೇಷ್ಟ್ರು ಸಂಸಾರಸ್ಥರು, ನಾಲ್ಕು ಮಕ್ಕಳ ತಂದೆ. ‘ನೋಡೋಣ’ ಈ ಜಾತಿಗೆ ಸೇರಿದ್ದಲ್ಲ ಎಂದು ಅವರಾದರೂ ಬಾಯಿ ಬಿಟ್ಟು ಹೇಳಬಹುದಿತ್ತು.

ಇದರ ಮಹಿಮೆ ಎಷ್ಟೆಂದರೆ, ಹೆಣ್ಣು ನೋಡಲು ಬಂದವರು ಹೆಣ್ಣನ್ನು ಕಣ್ತುಂಬ ನೋಡಿ, ಉಪ್ಪಿಟ್ಟು ತಿಂದು, ಏಳುವಾಗ ‘ನೋಡೋಣ’ ಎನ್ನುತ್ತಾರೆ. ನೋಡಿಯಾದ ಮೇಲೆ ಇನ್ನೇನು ನೋಡುವುದು? ಆದರೂ ಹುಡುಗಿಯ ತಂದೆಗೆ ಅರ್ಥವಾಗುತ್ತದೆ. ನಮ್ಮ ಜನ ಮರ್ಯಾದಸ್ಥರು. ‘ಆಗಲ್ಲ’ ಎನ್ನುವ ಒರಟುತನ ನಮಗೆ ಬೇಡ, ‘ಆಗಲಿ’ ಎನ್ನುವ ಜವಾಬ್ದಾರಿಯೂ ಬೇಡ. ಇವೆರಡರ ನಡುವೆ ಕಾಲು ಚಾಚಿ ಕೂರಲು ಒಂದು ಜಾಗ ಬೇಕಿತ್ತು, ಭಾಷೆ ಮಾಡಿಕೊಟ್ಟಿತು. ದೊಡ್ಡವರಿಗೆಲ್ಲ ಈ ಜಾಗ ಗೊತ್ತು. ಗೊತ್ತಿಲ್ಲದಿರುವುದು ಸಣ್ಣ ಮಕ್ಕಳಿಗೆ ಮಾತ್ರ.

ನನಗೆ ಮೂವರು ಮಕ್ಕಳು. ದೊಡ್ಡವಳು ಗಿರಿಜ, ಆಮೇಲೆ ಸುಜಾತ, ಕೊನೆಯವನು ವೀರೇಶ. ನಾನು ಹೇಳುವ ಈ ಸಂಗತಿ ಶುರುವಾದದ್ದು ಗಿರಿಜ ಒಂದನೆಯ ತರಗತಿಯಲ್ಲಿದ್ದಾಗ, ಎಪ್ಪತ್ತರ ದಶಕದ ನಡುವೆ. ಶುರು ಮಾಡಿದವರು ನಮ್ಮ ಕಂಪನಿಯ ಡ್ರೈವರ್ ರೆಹಮಾನ್ ಸಾಬರು. ಜಗಳೂರಿನ ಒಂದು ಶಾಲೆಯ ಮಕ್ಕಳನ್ನು ಪ್ರವಾಸಕ್ಕೆಂದು ಬೆಂಗಳೂರಿಗೆ ಕರೆದೊಯ್ದಿದ್ದ ಅವರು, ವಾಪಸ್ಸು ಬಂದವರೇ ನಮ್ಮ ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತು ನನ್ನ ಮಕ್ಕಳಿಗೆ ಕತೆ ಹೇಳಿದರು.

‘ಏನ್ ಹೇಳ್ಲಿ ಮಗಳೇ, ಬೆಂಗಳೂರಾಗೆ ಒಂದು ದೊಡ್ಡ ಪಾರ್ಕೈತೆ. ಅದ್ರಾಗೆ ಮಕ್ಕಳಿಗೆ ಅಂತನೇ ಒಂದು ಪುಟಾಣಿ ರೈಲೈತೆ. ರೈಲಂದ್ರೆ ಖರೇ ರೈಲು. ಎತ್ತರ ಮಾತ್ರ ನನ್ನ ಎದೀಮಟ. ಸೀಟಿ ಹೊಡೀತೈತೆ, ಕತ್ತಲು ಸುರಂಗದಾಗೆ ಹೊಕ್ಕು ಆ ಕಡೀಂದ ಬರ್ತೈತೆ. ನಾನೂ ಕುಂತಿದ್ದೆ ಬಿಡು. ಮೊಣಕಾಲು ಗದ್ದಕ್ಕೆ ಬಡೀತಿತ್ತು!’

ಅವರು ಸುಮ್ಮನೆ ಹೇಳಲಿಲ್ಲ, ಕಟ್ಟೆಯ ಮೇಲೆ ಮೊಣಕಾಲು ಮಡಚಿ ಕೂತು, ಗಡ್ಡ ಅಲ್ಲಾಡಿಸುತ್ತ, ಬಾಯಲ್ಲಿ ಸೀಟಿ ಊದಿ ತೋರಿಸಿದರು. ನಮ್ಮ ಕಡೆ ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಯಾವ ಊರಿಗೂ ರೈಲಿಲ್ಲ. ನೋಡಬೇಕೆಂದರೆ ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗಬೇಕು. ನಮ್ಮಂಥ ಬಸ್ಸಿನವರ ಹೊಟ್ಟೆ ತುಂಬುತ್ತಿದ್ದುದೇ ಅದರಿಂದ ಅನ್ನಿ. ದೊಡ್ಡ ರೈಲನ್ನೇ ಕಾಣದ ಹುಡುಗಿಗೆ ತನ್ನ ಅಳತೆಗೆ ಹೊಲಿಸಿದಂಥ ಒಂದು ರೈಲಿದೆ ಎಂದು ಗೊತ್ತಾದರೆ ಸುಮ್ಮನಿರುತ್ತಾಳೆಯೇ? ಗಿರಿಜ ನನ್ನ ಹತ್ತಿರ ಬಂದು ಕೇಳಿದಳು:

‘ಅಪ್ಪಾಜಿ, ಆ ರೈಲು ನಾವೂ ನೋಡಾಣೇನ್ರಿ?’

‘ನೋಡಾಣ’ ಎಂದೆ.

ಮಾರನೆಯ ದಿನ ಅವಳ ಟೀಚರಮ್ಮ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, ‘ಏನ್ ಏಜೆಂಟ್ರೇ, ಮನೆಮಂದಿಯೆಲ್ಲ ಬೆಂಗಳೂರಿಗೆ ಹೊಂಟೀರಂತೆ? ಗಿರಿಜ ಕ್ಲಾಸಿಗೆಲ್ಲ ಹೇಳ್ಯಾಳೆ’ ಎಂದರು. ನನಗೆ ದಿಗಿಲಾಯಿತು. ಮನೆಗೆ ಬಂದವನೇ, ‘ಬೆಂಗಳೂರಿಗೆ ಹೋಗ್ತೀವಿ ಅಂತ ನಿನಗೆ ಯಾರು ಹೇಳಿದ್ರೇ?’ ಎಂದು ಕೇಳಿದೆ.

‘ನೀವೇ ನೋಡಾಣ ಅಂದ್ರಲ್ರೀ!’

ವ್ಯಾಕರಣದ ಲೆಕ್ಕದಲ್ಲಿ ಅವಳಿಗೆ ನೂರಕ್ಕೆ ನೂರು ಕೊಡಬೇಕು. ಕರ್ತೃ ನಾವು, ಕರ್ಮ ರೈಲು, ಕ್ರಿಯಾಪದ ನೋಡೋಣ. ಅವಳನ್ನು ಅವತ್ತೇ ಪಕ್ಕದಲ್ಲಿ ಕೂರಿಸಿಕೊಂಡು, ‘ನೋಡವ್ವ, ದೊಡ್ಡವರ ಬಾಯಾಗೆ ಆ ಮಾತಿಗೆ ಬೇರೆ ಅರ್ಥ ಐತೆ’ ಎಂದು ತಿಳಿಸಿ ಹೇಳಬೇಕಿತ್ತು. ನಾನು ನಕ್ಕುಬಿಟ್ಟೆ. ನಕ್ಕದ್ದಷ್ಟೇ ಅಲ್ಲ, ಬಸ್‌ಸ್ಟ್ಯಾಂಡಿನಲ್ಲಿ ಕಂಡಕಂಡವರಿಗೆ ನನ್ನ ಮಗಳ ಜಾಣತನ ಎಂದು ಹೇಳಿಕೊಂಡು ಒಂದು ವಾರ ಮೆರೆದೆ. ತಪ್ಪು ತಿಳಿವಳಿಕೆ ಹಾಗೇ ಉಳಿಯಿತು. ಅಲ್ಲಿಂದ ಮುಂದೆ ನನ್ನ ಪ್ರತಿಯೊಂದು ‘ನೋಡಾಣ’ವನ್ನೂ ಅವಳು ಮಾತು ಕೊಟ್ಟಂತೆ ಎಂದೇ ಎಣಿಸಿ, ಅದರ ಹಿಂದೆಯೇ ‘ಯಾವ ದಿನಾರೀ?’ ಎಂದು ಕೇಳುತ್ತಿದ್ದಳು.

ದಿನ ಹೇಳಬೇಕಾಗಿ ಬಂದದ್ದರಿಂದ ನಾನು ಯೋಜನೆ ಹಾಕಲು ಶುರುಮಾಡಿದೆ. ಯೋಜನೆ ಹಾಕುವುದರಲ್ಲಿ ನನ್ನನ್ನು ಮೀರಿಸುವವರು ನಾಲ್ಕು ತಾಲ್ಲೂಕಿನಲ್ಲಿ ಇರಲಿಲ್ಲ. ಕತ್ತಲಗೆರೆಯಿಂದ ಉಬ್ರಾಣಿಗೆ ಹೋಗುವ ಮದುವೆ ದಿಬ್ಬಣ ಎಲ್ಲಿ ಇಳಿದು ಎಲ್ಲಿ ಹತ್ತಬೇಕು, ಬಾಣಂತಿಯನ್ನು ಕರೆದುಕೊಂಡು ಹೋಗುವವರು ಯಾವ ಬಸ್ಸಿನಲ್ಲಿ ಮುಂದೆ ಕೂರಬೇಕು, ಹೊಸ ಮದುಮಕ್ಕಳು ದೇವರ ದರ್ಶನ ಮಾಡಿಕೊಂಡು ಎಷ್ಟು ದಿನಕ್ಕೆ ಹಿಂದಿರುಗಬಹುದು, ಎಲ್ಲ ನನ್ನ ನಾಲಗೆಯ ತುದಿಯಲ್ಲಿ. ಊರಿನವರನ್ನೆಲ್ಲ ಊರೂರಿಗೆ ಕಳಿಸಿದವನು ನಾನು. ನಾನು ಮಾತ್ರ ಶಿವಮೊಗ್ಗ, ದಾವಣಗೆರೆ ಬಿಟ್ಟು ಆಚೆ ಹೋದವನಲ್ಲ. ಹೆಂಡತಿ ಗೌರಮ್ಮ ಆಗಾಗ ಒಲೆಯ ಮುಂದಿನಿಂದಲೇ, ‘ಊರಿಗೆಲ್ಲ ಸೀಟು ಕೊಡ್ತಾರೆ ನಮ್ಮ ಯಜಮಾನ್ರು, ಮನೆಯೋರಿಗೆ ಮಾತ್ರ ಸೀಟಿಲ್ಲ’ ಎಂದು ಹಾಡಿನಂತೆ ಹೇಳುತ್ತಿದ್ದಳು. ನಾನು ಕೇಳಿಸದವನಂತೆ ಇರುತ್ತಿದ್ದೆ.

ಹಳೆಯ ಟ್ರಿಪ್ ಶೀಟಿನ ಹಿಂಬದಿಯಲ್ಲಿ ಯೋಜನೆ ಬರೆಯುತ್ತಿದ್ದೆ. ಬೆಳಗ್ಗೆ ಎಷ್ಟಕ್ಕೆ ಇಲ್ಲಿಂದ ಹೊರಡುವುದು, ದಾವಣಗೆರೆಯಲ್ಲಿ ಎಲ್ಲಿ ಬಸ್ಸು ಬದಲಾಯಿಸುವುದು, ದಾರಿಯಲ್ಲಿ ಎಲ್ಲಿ ಬುತ್ತಿ ಬಿಚ್ಚುವುದು, ಯಾರ ಪರಿಚಯದ ಛತ್ರದಲ್ಲಿ ಇಳಿಯುವುದು, ಮಾರನೆಯ ದಿನ ಎಷ್ಟೊತ್ತಿಗೆ ಪಾರ್ಕು, ಎಷ್ಟೊತ್ತಿಗೆ ಮ್ಯೂಸಿಯಂ. ಪುಟಾಣಿ ರೈಲಿನ ಮುಂದೆ ‘ಇಪ್ಪತ್ತು ನಿಮಿಷ’ ಎಂದು ಬರೆದಿದ್ದೆ. ಗಿರಿಜ ಅದನ್ನು ಹೊಡೆದು ‘ಬೇಕಾದಷ್ಟು’ ಎಂದು ತಿದ್ದಿದ್ದಳು. ಊಟದ ಪಟ್ಟಿ ಅವಳದೇ: ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಡಬ್ಬಿ ಮಂಡಕ್ಕಿ. ಸಂಜೆ ನಾನು ಮನೆಗೆ ಬರುವಷ್ಟರಲ್ಲಿ ಮೂವರೂ ನಡುಮನೆಯಲ್ಲಿ ಊಟದ ಮಣೆಗಳನ್ನು ಒಂದರ ಹಿಂದೊಂದು ಜೋಡಿಸಿ ರೈಲು ಮಾಡಿಕೊಂಡು ಕೂತಿರುತ್ತಿದ್ದರು. ನಾನು ಕೆಲಸಕ್ಕೆ ಬಾರದ ಟಿಕೆಟ್ ಪುಸ್ತಕದಿಂದ ಹರಿದು ಎಲ್ಲರಿಗೂ ಟಿಕೆಟ್ ಕೊಡಬೇಕು. ನಮ್ಮ ಅವ್ವನಿಗೂ ಒಂದು. ಅವ್ವ ಅದನ್ನು ಎಲೆಅಡಿಕೆ ಚೀಲದಲ್ಲಿ ಭದ್ರವಾಗಿ ಇಟ್ಟುಕೊಂಡು, ‘ಎಲ್ಲಿಗ್ರವ್ವ ಈ ರೈಲು?’ ಎಂದು ಕೇಳುತ್ತಿದ್ದಳು. ಎಂಜಿನ್ನಾಗಿದ್ದ ಗಿರಿಜ ಕೂ ಎಂದು ಕೂಗಿ, ‘ಬೆಂಗ್ಳೂರಿಗಜ್ಜೀ!’ ಎನ್ನುತ್ತಿದ್ದಳು.

ಈಗ ಅನ್ನಿಸುತ್ತದೆ, ಆ ಸಂಜೆಗಳ ಸುಖವೇ ನನ್ನನ್ನು ಕೆಡಿಸಿತು. ಹೋಗುವ ಸುಖದಲ್ಲಿ ಮುಕ್ಕಾಲು ಪಾಲು ಮನೆಯಲ್ಲೇ ಸಿಗುತ್ತಿದ್ದರೆ ಹೋಗುವುದು ಯಾಕೆ ಎಂದು ಒಳಗೊಳಗೇ ಲೆಕ್ಕ ಹಾಕಿದೆನೋ ಏನೋ.

ನೆಪಗಳಿಗೇನು ಬರವಿರಲಿಲ್ಲ. ನನ್ನ ಕಸುಬಿನ ಒಂದು ಕೇಡು ನಿಮಗೆ ಹೇಳಬೇಕು. ಮಕ್ಕಳಿಗೆ ರಜೆ ಬಂದಾಗಲೇ ಜನಕ್ಕೆ ಬಸ್ಸು ಬೇಕು, ಜನಕ್ಕೆ ಬಸ್ಸು ಬೇಕಾದಾಗಲೇ ಕೌಂಟರಿನಲ್ಲಿ ನಾನು ಬೇಕು. ಬೇಸಿಗೆ ರಜೆಯೆಂದರೆ ಮದುವೆಗಳು. ದಸರಾ ರಜೆಯೆಂದರೆ ಅಳಿಯಂದಿರು, ಮಗಳಂದಿರು, ತವರಿಗೆ ಬರುವವರು, ಹೋಗುವವರು. ಒಂದು ವರ್ಷ ನಮ್ಮ ಕಂಪನಿಯ ಧಣಿಗಳ ಮನೆಯಲ್ಲೇ ಮದುವೆ. ಇನ್ನೊಂದು ವರ್ಷ ಎರಡು ಬಸ್ಸು ಒಟ್ಟಿಗೇ ಕೆಟ್ಟು ಕೂತವು. ಮತ್ತೊಂದು ವರ್ಷ ವೀರೇಶನಿಗೆ ಗದ್ದಬಾವು ಬಂದು ಕೆನ್ನೆ ಊದಿಕೊಂಡಿತು. ಪ್ರತಿ ಸಲವೂ ನಾನು ಯೋಜನೆಯ ಕಾಗದವನ್ನು ಹೊಸದಾಗಿ ಬರೆದು, ವೇಳಾಪಟ್ಟಿ ಬದಲಾದಲ್ಲಿ ತಿದ್ದಿ, ‘ಮುಂದಿನ ವರ್ಷ ನೋಡಾಣ’ ಎನ್ನುತ್ತಿದ್ದೆ. ಪ್ರತಿ ಸಲವೂ ಗಿರಿಜ, ‘ಯಾವ ದಿನಾರೀ?’ ಎನ್ನುತ್ತಿದ್ದಳು.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನು ಮುಚ್ಚಿಟ್ಟರೆ ಆಗುವುದಿಲ್ಲ. ಅವಳು ಐದನೆಯ ತರಗತಿಯಲ್ಲಿದ್ದಾಗ ಧಣಿಗಳು ದಾವಣಗೆರೆಯಿಂದ ಬಂದವರು ತಾವಾಗಿಯೇ, ‘ಏನಯ್ಯಾ, ನಿನ್ನ ಮಗಳು ಅದೇನೋ ರೈಲು ಅಂತ ಜೀವ ತಿಂತಾಳಂತೆ? ನಾಕು ದಿನ ಹೋಗಿ ಬಾರಯ್ಯ, ನಮ್ಮ ಕ್ಲೀನರ್ ಕುಂತ್ಕಂತಾನೆ ಕೌಂಟರಾಗೆ’ ಎಂದರು. ನೀವು ನಂಬಬೇಕು, ನನಗೆ ಸಂತೋಷವಾಗಲಿಲ್ಲ, ಅವಮಾನವಾಯಿತು. ನಾನಿಲ್ಲದಿದ್ದರೂ ಬಸ್ಸು ಓಡುತ್ತದೆಯೇ? ಕ್ಲೀನರೊಬ್ಬ ಕೂತು ಮಾಡುವ ಕೆಲಸವೇ ನನ್ನದು? ‘ಬ್ಯಾಡ್ರಿ ಧಣಿ, ಸೀಜನ್ನಾಗೆ ನಾನು ಬಿಟ್ಟು ಹೋದ್ರೆ ಹೆಂಗೆ? ಮುಂದಿನ ವರ್ಷ ನೋಡಾಣ’ ಎಂದೆ. ಮನೆಗೆ ಹೋಗಿ, ‘ಧಣಿ ರಜಾ ಕೊಡಲಿಲ್ಲ’ ಎಂದೆ. ಒಂದೇ ಸುಳ್ಳು ಎಂದಿದ್ದೆನಲ್ಲ, ಎರಡಾಯಿತು. ಅವತ್ತು ಗಿರಿಜ ಧಣಿಗಳನ್ನು ಮನಸಾರೆ ಬೈದಳು. ಪಾಪ, ಅವರು ಒಳ್ಳೆಯವರು. ಆ ಬೈಗುಳವೆಲ್ಲ ಸರಿಯಾದ ವಿಳಾಸಕ್ಕೆ ಬಂದಿದ್ದರೆ ನನಗೆ ಬುದ್ಧಿಯಾದರೂ ಬರುತ್ತಿತ್ತು.

ಕಡೆಗೂ ಅವಳು ಏಳನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ ನಾನೇ ಬಾಯಿ ಬಿಟ್ಟು ರಜೆ ಕೇಳಿದೆ. ಧಣಿಗಳು ಕೊಟ್ಟರು. ಮದುವೆಗಳ ಗದ್ದಲ ತಗ್ಗಿದ ಮೇಲಿನ ಒಂದು ಸೋಮವಾರ ಗೊತ್ತಾಯಿತು. ಐದು ಸೀಟನ್ನು ನನ್ನ ಕೈಯಾರೆ ಚಾರ್ಟಿನಲ್ಲಿ ಬರೆದೆ. ಗೌರಮ್ಮ ರೊಟ್ಟಿ ತಟ್ಟಲು ಶುರುಮಾಡಿದಳು. ಗಿರಿಜ ಓಣಿಯ ಒಂದೊಂದು ಮನೆಗೂ ಹೋಗಿ, ‘ಸೋಮವಾರ ಹೋಗ್ತೀವಿ’ ಎಂದು ಹೇಳಿ ಬಂದಳು. ಹೊರಡಲು ಮೂರು ದಿನ ಇರುವಾಗ ಅವಳು ದೊಡ್ಡವಳಾದಳು.

ಮಧ್ಯಾಹ್ನ ಊಟಕ್ಕೆ ಬಂದರೆ ನಡುಮನೆಯ ಮೂಲೆಯಲ್ಲಿ ಒಂದು ಚಾಪೆ, ಚಾಪೆಯ ಮೇಲೆ ಅವಳು, ಮುಖ ಗೋಡೆಯ ಕಡೆಗೆ. ನಮ್ಮ ಅವ್ವ ಬಾಗಿಲಲ್ಲೇ ನನ್ನನ್ನು ತಡೆದು, ‘ಒಂಬತ್ತು ದಿನ ಮಗಳು ಹೊಸ್ತಿಲು ದಾಟಂಗಿಲ್ಲ ಕಣಪ್ಪ, ಬಸ್ಸು ಗಿಸ್ಸು ಅಂತ ಬಾಯಿ ತೆಗೀಬ್ಯಾಡ’ ಎಂದಳು. ಅವ್ವನ ಮುಖದಲ್ಲಿ ಸಂಭ್ರಮ. ಸಂಜೆ ಓಣಿಯ ಹೆಂಗಸರೆಲ್ಲ ಕೊಬ್ಬರಿ, ಬೆಲ್ಲ, ಎಳ್ಳಿನ ಚಿಗಳಿ ತಂದು ಅವಳಿಗೆ ಹೂ ಮುಡಿಸಿ ಆರತಿ ಎತ್ತಿ ಹಾಡಿದರು. ಸೋಮವಾರ ಹೋಗುತ್ತೇವೆ ಎಂದು ಯಾರ್‍ಯಾರ ಮನೆಗೆ ಹೇಳಿ ಬಂದಿದ್ದಳೋ ಅವರೇ. ನಾನು ಗಂಡಸು, ಹೊರಗೆ ಕಟ್ಟೆಯ ಮೇಲೆ ಕೂತಿದ್ದೆ. ಅವಳನ್ನು ಬಿಟ್ಟು ಹೋಗುವ ಮಾತು ಗೌರಮ್ಮನ ಬಾಯಿಂದಲೂ ಬರಲಿಲ್ಲ, ನನ್ನ ಬಾಯಿಂದಲೂ ಬರಲಿಲ್ಲ. ಆ ಐದು ಸೀಟನ್ನು ನ್ಯಾಮತಿಯ ಒಂದು ಕುಟುಂಬಕ್ಕೆ ಕೊಟ್ಟೆ. ಅವರೂ ಮಕ್ಕಳನ್ನು ಕರೆದುಕೊಂಡು ಬೆಂಗಳೂರು ನೋಡಲು ಹೊರಟಿದ್ದರು. ಪುಟಾಣಿ ರೈಲಿಗೆ ಎಲ್ಲಿ ಇಳಿಯಬೇಕೆಂದು ನಾನೇ ದಾರಿ ಹೇಳಿಕೊಟ್ಟೆ.

ಹೆಂಗಸರೆಲ್ಲ ಹೋದ ಮೇಲೆ ಅವಳು ಮೂಲೆಯಿಂದಲೇ ಕೇಳಿದಳು: ‘ನಾನೇನು ತಪ್ಪು ಮಾಡೀನ್ರೀ ಅಪ್ಪಾಜಿ? ಇದು ಬೆಂಗಳೂರಿಗೆ ಹೋಗಿ ಬಂದ ಮ್ಯಾಲೆ ಆಗಬಾರದಿತ್ತಾ?’

‘ನಿನ್ನ ತಪ್ಪೇನಿಲ್ಲವ್ವ. ದಸರಾ ರಜೆ ಐತಲ್ಲ, ನೋಡಾಣ’ ಎಂದೆ.

ಆರು ವರ್ಷದಲ್ಲಿ ಮೊದಲ ಸಲ ಅವಳು ಯಾವ ದಿನ ಎಂದು ಕೇಳಲಿಲ್ಲ. ಸುಮ್ಮನೆ ತಲೆಯಾಡಿಸಿದಳು. ಹೆಂಗಸರು ಎಷ್ಟು ಆರತಿ ಎತ್ತಿದರೇನು, ನನ್ನ ಮಗಳು ದೊಡ್ಡವಳಾದಳೆಂದು ನನಗೆ ಗೊತ್ತಾದದ್ದು ಆ ಗಳಿಗೆಯಲ್ಲಿ. ಪದದ ಅರ್ಥ ಅವಳಿಗೆ ತಿಳಿದುಬಿಟ್ಟಿತ್ತು. ಯಾರೂ ಹೇಳಿಕೊಟ್ಟಿರಲಿಲ್ಲ, ನಾನೇ ಆರು ವರ್ಷ ಕಲಿಸಿದ್ದೆ. ಆಮೇಲೆ ಆ ಮಾತನ್ನು ಮನೆಯಲ್ಲಿ ಆಡಲು ನನ್ನ ನಾಲಗೆ ಏಳಲಿಲ್ಲ.

ದಸರಾಕ್ಕೆ ಹೋದೆವು. ಹೋಗಲಿಲ್ಲ ಎಂದು ನೀವು ತಿಳಿಯಬಾರದು. ಅವ್ವ ಒಬ್ಬಳು ಮನೆಯಲ್ಲುಳಿದಳು, ಉಳಿದ ಐವರೂ ಹೊರಟೆವು. ನನ್ನ ಯೋಜನೆಯ ಪ್ರಕಾರ ಎಲ್ಲವೂ ನಡೆಯಿತು. ಬಸ್ಸು ಹೇಳಿದ ಹೊತ್ತಿಗೆ ಬಂತು, ಬುತ್ತಿ ಬಿಚ್ಚಬೇಕಾದಲ್ಲಿ ಬಿಚ್ಚಿದೆವು, ಛತ್ರದಲ್ಲಿ ಜಾಗ ಸಿಕ್ಕಿತು. ನಾನು ಅಷ್ಟು ಚೆನ್ನಾಗಿ ಹಾಕಿದ ಯೋಜನೆ ಇನ್ನೊಂದಿಲ್ಲ. ಅದರಲ್ಲಿ ಒಂದೇ ಒಂದು ಸಣ್ಣ ತಪ್ಪಿತ್ತು. ಗಿರಿಜ ಈಗ ಲಂಗ ದಾವಣಿ ಉಡುತ್ತಿದ್ದಳು.

ದಾವಣಿ ಎಂಬುದು ಬರೀ ಬಟ್ಟೆಯಲ್ಲ. ನಿನ್ನೆಯವರೆಗೆ ಕುಂಟಾಬಿಲ್ಲೆ ಆಡುತ್ತಿದ್ದ ಹುಡುಗಿಯ ಹೆಗಲ ಮೇಲೆ ಎರಡೂವರೆ ಗಜ ತೆಳ್ಳನೆಯ ಬಟ್ಟೆ ಬಿದ್ದ ಕೂಡಲೇ ಅವಳ ಓಟ ನಡಿಗೆಯಾಗುತ್ತದೆ, ಕೂಗು ಪಿಸುಮಾತಾಗುತ್ತದೆ. ಆ ನಾಲ್ಕೈದು ತಿಂಗಳು ಮನೆಯಲ್ಲಿ ಅವಳ ಕಿವಿಗೆ ಬೀಳುತ್ತಿದ್ದುದು ಒಂದೇ ಪಾಠ: ‘ದೊಡ್ಡವಳಾಗೀಯ, ಹಲ್ಲು ಬಿಡಬ್ಯಾಡ. ದೊಡ್ಡವಳಾಗೀಯ, ಜಿಗಿದಾಡಬ್ಯಾಡ.’ ಹೇಳುತ್ತಿದ್ದವಳು ನಮ್ಮ ಅವ್ವ. ಗೌರಮ್ಮ ತಾಳ ಹಾಕುತ್ತಿದ್ದಳು. ನಾನು ಪೇಪರು ಓದುತ್ತಿದ್ದೆ.

ಪಾರ್ಕಿನಲ್ಲಿ ಪುಟಾಣಿ ರೈಲು ನಿಂತಿತ್ತು. ರೆಹಮಾನ್ ಸಾಬರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಸುಜಾತ, ವೀರೇಶ ಇಬ್ಬರೂ ನನ್ನ ಕೈ ಕೊಸರಿಕೊಂಡು ಓಡಿದರು. ಓಡುವ ಭರದಲ್ಲಿ ಚಪ್ಪಲಿ ಕಿತ್ತು ಎಸೆದರು. ಗಿರಿಜ ಅವನ್ನು ಒಂದೊಂದಾಗಿ ಆರಿಸಿ ಜೊತೆ ಮಾಡಿ ಇಟ್ಟಳು.

‘ಹೋಗವ್ವ, ನೀನೂ ಹತ್ತು’ ಎಂದೆ.

‘ಬ್ಯಾಡ್ರೀ ಅಪ್ಪಾಜಿ. ಇದನ್ನ ಉಟ್ಕಂಡು ಹೆಂಗೆ ಹತ್ತಲಿ? ನೋಡಿದೋರು ನಗ್ತಾರೆ. ನಾನು ಚಪ್ಪಲಿ ಕಾಯ್ತೀನಿ, ನೀವು ಹೋಗ್ರಿ.’

ಗೌರಮ್ಮ ನನ್ನ ಕಡೆ ನೋಡಿ, ಮಗಳು ಎಷ್ಟು ತಿಳಿವಳಿಕಸ್ಥೆ ಎಂಬಂತೆ ತಲೆಯಾಡಿಸಿದಳು. ನಾನು ಟಿಕೆಟ್ ಕೊಡುವವನನ್ನು ನೋಡಿದೆ. ದೊಡ್ಡವರು ಕೂರಬಾರದು ಎಂದು ಅಲ್ಲಿ ಯಾರೂ ಬರೆದು ಹಾಕಿರಲಿಲ್ಲ. ಆಗಲೇ ಒಬ್ಬರು ದಪ್ಪನೆಯ ಹೆಂಗಸು ರೇಷ್ಮೆ ಸೀರೆಯನ್ನು ಮೊಣಕಾಲಿಗೆ ಮುದುಡಿಕೊಂಡು ಮೊಮ್ಮಗನ ಜೊತೆ ಕೂತಿದ್ದರು. ಕನ್ನಡಕ ಹಾಕಿದ ಒಬ್ಬ ಹಿರಿಯರು ಮೊಣಕಾಲು ಗದ್ದಕ್ಕೆ ತಗುಲಿಸಿಕೊಂಡು ಗಂಭೀರವಾಗಿ ಕೂತಿದ್ದರು. ಯಾರೂ ನಗುತ್ತಿರಲಿಲ್ಲ, ಅಥವಾ ಎಲ್ಲರೂ ನಗುತ್ತಿದ್ದರು. ನಾನು ಹೋಗಿ ಕೂತಿದ್ದರೆ ಅವಳು ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಇದು ನನಗೆ ಈಗ ಹೊಳೆದದ್ದಲ್ಲ, ಅಲ್ಲೇ, ಆಗಲೇ ಹೊಳೆದಿತ್ತು. ಆದರೆ ನಾನು ಇಸ್ತ್ರಿ ಮಾಡಿದ ಪಂಚೆ ಉಟ್ಟಿದ್ದೆ, ಮೇಲೆ ಕರಿ ಕೋಟು, ಕಂಕುಳಲ್ಲಿ ಕೊಡೆ. ಹೊನ್ನಾಳಿಯ ಏಜೆಂಟರು ಪುಟಾಣಿ ರೈಲಿನಲ್ಲಿ ಕೂರುವುದೆಂದರೇನು? ಹೊನ್ನಾಳಿ ಅಲ್ಲಿಂದ ಒಂದು ದಿನದ ದಾರಿ. ನನ್ನ ಗುರುತಿನವರು ಆ ಪಾರ್ಕಿನಲ್ಲಿ ಒಬ್ಬರೂ ಇರಲಿಲ್ಲ. ಆದರೂ ನಾನು ಕೂರಲಿಲ್ಲ.

ಸೀಟಿ ಊದಿತು, ರೈಲು ಹೊರಟಿತು. ಸುತ್ತು ಬಂದಾಗಲೆಲ್ಲ ಚಿಕ್ಕವರಿಬ್ಬರೂ ‘ಅಕ್ಕಾ! ಅಕ್ಕಾ!’ ಎಂದು ಕೂಗಿ ಕೈ ಬೀಸಿದರು. ಗಿರಿಜ ಬೆಂಚಿನ ಮೇಲೆ ನೆಟ್ಟಗೆ ಕೂತು, ಕಾಲ ಬಳಿ ಎರಡು ಜೊತೆ ಚಪ್ಪಲಿ, ಮಡಿಲಲ್ಲಿ ನೀರಿನ ಚೊಂಬು ಇಟ್ಟುಕೊಂಡು, ಒಂದು ಕೈಯಲ್ಲಿ ಸೆರಗು ಹಿಡಿದು ಇನ್ನೊಂದು ಕೈ ಬೀಸಿದಳು. ಸುರಂಗದೊಳಗೆ ರೈಲು ಮರೆಯಾದಾಗ ಅವಳ ತುಟಿ ಸಣ್ಣಗೆ ಅಲ್ಲಾಡಿದ್ದನ್ನು ನಾನು ನೋಡಿದೆ. ಕೂ ಎಂದಳೋ ಏನೋ, ನನಗೆ ಕೇಳಿಸಲಿಲ್ಲ.

ತಡೆಯಲಾರದೆ ಹತ್ತಿರ ಹೋಗಿ, ‘ಇನ್ನೊಂದು ಸಲ ಟಿಕೆಟ್ ತಗಳ್ಳೇನವ್ವ? ನಾನೂ ಬರ್ತೀನಿ ನಿನ್ನ ಜೊತೆ’ ಎಂದೆ.

ಅವಳು ನನ್ನ ಕೋಟಿನ ಜೇಬಿನಿಂದ ಇಣುಕುತ್ತಿದ್ದ ಕಾಗದದ ಕಡೆ ನೋಡಿ, ‘ಮ್ಯೂಸಿಯಂಗೆ ಹೊತ್ತಾಗ್ತೈತಲ್ರೀ ಅಪ್ಪಾಜಿ. ನಿಮ್ಮ ಚೀಟಿಯಾಗೆ ಇಪ್ಪತ್ತು ನಿಮಿಷ ಐತಲ್ಲ’ ಎಂದಳು. ಕೊಂಕಿನಿಂದ ಹೇಳಲಿಲ್ಲ. ನನಗೆ ಅನುಕೂಲವಾಗಲಿ ಎಂದೇ ಹೇಳಿದಳು. ನಾನು ಗಡಿಯಾರ ನೋಡಿಕೊಂಡೆ. ಹೊತ್ತು ಸರಿಯಾಗಿತ್ತು.

ಮ್ಯೂಸಿಯಂ ನೋಡಿದೆವು. ಅದರಲ್ಲಿ ಏನಿತ್ತೆಂದು ಈಗ ಯಾರಾದರೂ ಕೇಳಿದರೆ ನನಗೆ ಒಂದೂ ನೆನಪಿಲ್ಲ.

ಊರಿಗೆ ಬಂದಾಗ ಅವ್ವ ಕಟ್ಟೆಯ ಮೇಲೆ ಕಾದು ಕೂತಿದ್ದಳು. ಕಾಲು ತೊಳೆಯಲೂ ಬಿಡದೆ ಸುಜಾತ, ವೀರೇಶ ಇಬ್ಬರೂ ರೈಲಿನ ಕತೆಯನ್ನು ಒಬ್ಬರ ಮೇಲೊಬ್ಬರು ಬಿದ್ದು ಹೇಳಿದರು. ಅವ್ವ ಎಲ್ಲ ಕೇಳಿದಳು. ಕೇಳಿಯಾದ ಮೇಲೆ, ಬಾಗಿಲ ಹತ್ತಿರ ಚೀಲ ಹಿಡಿದು ನಿಂತಿದ್ದ ಗಿರಿಜಳ ಕಡೆ ತಿರುಗಿದಳು. ಮೂಲೆಯಲ್ಲಿ ಚಾಪೆ ಹಾಕಿ ಕೂರಿಸಿದವಳು ತಾನೇ ಅಲ್ಲವೇ, ಅವಳ ದನಿ ಯಾಕೋ ತಗ್ಗಿತ್ತು.

‘ನೀನೂ ಕುಂತಿದ್ದೇನವ್ವ?’

ವೀರೇಶ ಬಾಯಿ ತೆರೆದ. ಗಿರಿಜ ಅವನ ಹೆಗಲ ಮೇಲೆ ಕೈಯಿಟ್ಟಳು.

‘ಕುಂತಿದ್ದೆ ಅಜ್ಜಿ. ಅಪ್ಪಾಜಿನೇ ಕೈ ಹಿಡಿದು ಹತ್ತಿಸಿದ್ರು.’

ಹೇಳಿ ನನ್ನ ಮುಖ ನೋಡಿದಳು. ಅವ್ವನೂ ನೋಡಿದಳು. ಗೌರಮ್ಮ ಚೊಂಬು ಎತ್ತಿಕೊಂಡು ಒಳಗೆ ಹೋದಳು.

‘ಹೌದವ್ವ, ಹತ್ತಿಸಿದೆ’ ಎಂದೆ.

ಮಕ್ಕಳ ಬಾಯಲ್ಲಿ ಸುಳ್ಳು ಬಂದರೆ ಸಹಿಸದವನು ನಾನು. ಅದೊಂದನ್ನು ಇವತ್ತಿನವರೆಗೂ ತಿದ್ದಿಲ್ಲ. ಗಿರಿಜಳಿಗೆ ಈಗ ಅವಳದೇ ಮಕ್ಕಳಿದ್ದಾರೆ. ಅವರು ಬಂದಾಗ, ‘ಅಜ್ಜ, ಅಮ್ಮ ರೈಲಿನಾಗೆ ಎಲ್ಲಿ ಕುಂತಿದ್ಲು?’ ಎಂದು ಕೇಳುತ್ತಾರೆ. ನಾನು ತಡವರಿಸುವುದಿಲ್ಲ. ‘ಎರಡನೇ ಡಬ್ಬಿ, ಎಡಗಡೆ, ಮೊದಲನೇ ಸೀಟು. ಪಕ್ಕದಾಗೆ ನಾನು’ ಎನ್ನುತ್ತೇನೆ.